ಬಚ್ಚಲ ನೀರಿಗೆ ಕಲ್ಲಿನ ಹಾಸಿಗೆ

ಮುಂಜಾನೆ ಏಳರ ಹೊತ್ತಿಗೆ ಗಟಾರ ತುಂಬಿ ಹರಿಯುತ್ತದೆ. ಜಳಕದ ನೀರು, ಪಾತ್ರೆ ತಿಕ್ಕಿದ ನೀರು, ಬಟ್ಟೆ ಒಗೆದ ನೊರೆ, ಕೊಟ್ಟಿಗೆ ತೊಳೆದದ್ದು ಎಲ್ಲ ಕೂಡಿ ಓಣಿಯಿಂದ ಓಣಿಗೆ ಇಳಿದು ಊರಿನ ತಗ್ಗು ಹುಡುಕಿಕೊಂಡು ಹೋಗುತ್ತದೆ. ನಮ್ಮ ಭಾಗದಲ್ಲಿ ಊರಿನ ತಗ್ಗಿನಲ್ಲಿ ಇರುವುದು ಒಂದೋ ಕೆರೆ, ಇಲ್ಲವೇ ಹಳ್ಳ. ಹಾನಗಲ್ಲಿಗೆ ಆನಿಕೆರೆ ಇದೆ, ಸವಣೂರಿಗೆ ನವಾಬರ ಕಾಲದ ಮೋತಿ ತಲಾಬ್ ಇದೆ, ಹಿರೇಕೆರೂರಿಗಂತೂ ಹೆಸರಿನಲ್ಲೇ ಕೆರೆ. ಶಿಗ್ಗಾವಿ ತಾಲ್ಲೂಕಿನ ಹಳ್ಳಿಗಳೂ ಕೆರೆ ನಂಬಿಯೇ ಬೆಳೆದವು. ಈ ಸೀಮೆಯ ಹಳ್ಳಗಳು ವರದೆಗೋ ಕುಮುದ್ವತಿಗೋ ಸೇರಿ ಕೊನೆಗೆ ತುಂಗಭದ್ರೆಯನ್ನು ಮುಟ್ಟುತ್ತವೆ. ಬೇಸಿಗೆಯಲ್ಲಿ ನದಿ ಬತ್ತಿದಾಗ ಕುಡಿಯುವ ನೀರಿಗೆ ಪರದಾಡುವವರೂ ನಾವೇ, ಮಳೆಗಾಲದಲ್ಲಿ ಅದೇ ನದಿಗೆ ಬಚ್ಚಲ ನೀರು ಕಳಿಸುವವರೂ ನಾವೇ. ಇದು ನನಗೆ ಬಹಳ ದಿನದಿಂದ ನೋವು ಕೊಡುತ್ತಿರುವ ಸಂಗತಿ.

ಈ ನೀರನ್ನು ಹುಟ್ಟಿದ ಜಾಗದಲ್ಲೇ, ಕರೆಂಟಿಲ್ಲದೆ, ಮೋಟರಿಲ್ಲದೆ, ಕಲ್ಲು ಮತ್ತು ಗಿಡಗಳಿಂದ ಬಹಳಮಟ್ಟಿಗೆ ಶುದ್ಧ ಮಾಡಬಹುದು. ಮನೆಗೊಂದು ಮಾಡಿಕೊಳ್ಳಬಹುದು, ಓಣಿಗೊಂದು ಮಾಡಬಹುದು, ಗಟಾರ ಹೋಗಿ ಬೀಳುವ ಬಾಯಲ್ಲಿ ಪುರಸಭೆಯೇ ಮಾಡಬಹುದು. 2021ರ ಅಕ್ಟೋಬರ್ 1ರಂದು ಶುರುವಾದ ಸ್ವಚ್ಛ ಭಾರತ ನಗರ ಮಿಷನ್‌ನ ಎರಡನೆಯ ಹಂತದಲ್ಲಿ ಒಂದು ಲಕ್ಷಕ್ಕಿಂತ ಕಡಿಮೆ ಜನಸಂಖ್ಯೆಯ ಊರುಗಳ ಬಳಸಿದ ನೀರಿನ ನಿರ್ವಹಣೆಯೂ ಸೇರಿದೆ. ಹಾನಗಲ್ಲು, ಸವಣೂರು, ಹಿರೇಕೆರೂರು, ಶಿಗ್ಗಾವಿ, ಈ ನಾಲ್ಕೂ ಪಟ್ಟಣಗಳು ಈ ಲೆಕ್ಕದೊಳಗೆ ಬರುತ್ತವೆ. ಆದರೆ ಯೋಜನೆ ಬರಲಿ ಎಂದು ಕಾಯದೆ ಮನೆಯ ಹಿತ್ತಲಿನಿಂದಲೇ ಶುರು ಮಾಡಬಹುದಾದ ಕೆಲಸ ಇದು.

ಶುದ್ಧ ಮಾಡುವುದು ಗಿಡವಲ್ಲ, ಕಲ್ಲಿನ ಮೇಲಿನ ಲೋಳೆ

ಕಾಬಾಳೆ ಗಿಡ ನೆಟ್ಟರೆ ಕೊಳಚೆ ನೀರು ತಿಳಿಯಾಗುತ್ತದೆ ಎಂದು ಅನೇಕರು ನಂಬಿದ್ದಾರೆ. ಅರ್ಧ ನಿಜ. ಗಿಡ ನೆಡುವ ಹಾಸಿಗೆ ಎಂದರೆ ಕಡಿ (ಜಲ್ಲಿಕಲ್ಲು) ತುಂಬಿದ ತಗ್ಗು. ಆ ಕಡಿಯ ಮೇಲೆ ತೆಳ್ಳಗೆ ಒಂದು ಲೋಳೆ ಕಟ್ಟುತ್ತದೆ. ಅದರಲ್ಲಿ ಕೋಟ್ಯಂತರ ಸೂಕ್ಷ್ಮಜೀವಿಗಳಿರುತ್ತವೆ. ನೀರು ಕಲ್ಲಿನ ಸಂದಿಯಲ್ಲಿ ನಿಧಾನ ಸಾಗುವಾಗ ಅದರೊಳಗಿನ ಕೊಳೆಯನ್ನು ತಿನ್ನುವುದು ಈ ಜೀವಿಗಳು. ಗಿಡದ ಬೇರು ಕಲ್ಲಿನ ಸಂದಿ ಕಟ್ಟಿಕೊಳ್ಳದಂತೆ ಬಿಡಿಸಿಡುತ್ತದೆ, ಒಂದಿಷ್ಟು ಗಾಳಿಯನ್ನು ಕೆಳಗೆ ಒಯ್ಯುತ್ತದೆ, ಸಾರಜನಕ ಮತ್ತು ರಂಜಕದಲ್ಲಿ ತನ್ನ ಪಾಲನ್ನು ಹೀರುತ್ತದೆ. 1950ರ ದಶಕದಲ್ಲಿ ಜರ್ಮನಿಯ ಸಸ್ಯವಿಜ್ಞಾನಿ ಕೇಟೆ ಝೈಡೆಲ್ ಜೊಂಡಿನ ಜಾತಿಯ ಗಿಡಗಳಿಂದ ಕೊಳಚೆ ಶುದ್ಧೀಕರಿಸುವ ಪ್ರಯೋಗ ಮಾಡಿದರು. ನಾಗಪುರದ ನೀರಿ ಸಂಸ್ಥೆ ಇದೇ ತತ್ವದ ಮೇಲೆ ಫೈಟೋರಿಡ್ ಎಂಬ ವಿಧಾನ ರೂಪಿಸಿದೆ. ಕೋಲ್ಕತ್ತದ ಪೂರ್ವಕ್ಕಿರುವ ಸುಮಾರು 12,500 ಹೆಕ್ಟೇರಿನ ಜೌಗು ಪ್ರದೇಶ ಆ ಮಹಾನಗರದ ಕೊಳಚೆಯನ್ನು ಹೊಂಡಗಳಲ್ಲಿ ಬಿಸಿಲಿಗೆ ನಿಲ್ಲಿಸಿ ಮೀನು ಸಾಕುತ್ತಾ ಬಂದಿದೆ. 2002ರಲ್ಲಿ ಅದಕ್ಕೆ ಅಂತರರಾಷ್ಟ್ರೀಯ ಮಹತ್ವದ ಜೌಗು ಎಂಬ ರಾಮ್ಸಾರ್ ಮಾನ್ಯತೆ ಸಿಕ್ಕಿತು.

ಕಲ್ಲಿನ ಸಂದಿ ತೆರೆದಿರುವವರೆಗೆ ಮಾತ್ರ ಈ ಕೆಲಸ ನಡೆಯುತ್ತದೆ. ಜಿಡ್ಡು, ಅನ್ನದ ಅಗುಳು, ಬೂದಿ, ಮಣ್ಣು ಹೊಕ್ಕರೆ ಸಂದಿ ಮುಚ್ಚುತ್ತದೆ, ನೀರು ಮೇಲೆ ಉಕ್ಕುತ್ತದೆ, ನಾರುತ್ತದೆ, ಸೊಳ್ಳೆ ಹುಟ್ಟುತ್ತದೆ. ನಮ್ಮ ಹಿತ್ತಲಿನಲ್ಲಿ ಮೊದಲ ಸಲ ಮಾಡಿದಾಗ ಜಿಡ್ಡು ತಡೆಯುವ ತೊಟ್ಟಿಯನ್ನು ಬಿಟ್ಟಿದ್ದೆವು. ಎಂಟು ತಿಂಗಳಿಗೆ ಹಾಸಿಗೆ ಕಟ್ಟಿಕೊಂಡು, ಕಡಿಯನ್ನೆಲ್ಲ ಹೊರಗೆ ತೆಗೆದು ತೊಳೆದು ಮತ್ತೆ ತುಂಬಬೇಕಾಯಿತು. ಹೂವಿನ ಹಾಸಿಗೆಯನ್ನು ಎಲ್ಲರೂ ನೋಡುತ್ತಾರೆ, ಅದಕ್ಕೂ ಮೊದಲು ಜಿಡ್ಡು ಮತ್ತು ಗಸಿ ತಡೆಯುವ ಎರಡು ತೊಟ್ಟಿಗಳನ್ನು ಯಾರೂ ನೋಡುವುದಿಲ್ಲ. ವ್ಯವಸ್ಥೆ ಉಳಿಯುವುದೂ ಸಾಯುವುದೂ ಆ ಎರಡು ತೊಟ್ಟಿಗಳಲ್ಲಿ.

ಮೊದಲು ನೀರು ಬೇರ್ಪಡಿಸಿ, ಮಣ್ಣು ಪರೀಕ್ಷಿಸಿ

ಮನೆ ಮಟ್ಟದ ಹಾಸಿಗೆಗೆ ಬಚ್ಚಲು ಮತ್ತು ಅಡುಗೆಮನೆ ನೀರು ಮಾತ್ರ ಬಿಡಿ. ಸಂಡಾಸಿನ ನೀರು ಸೆಪ್ಟಿಕ್ ಟ್ಯಾಂಕಿಗೇ ಹೋಗಲಿ. ಸೆಪ್ಟಿಕ್ ಟ್ಯಾಂಕಿನಿಂದ ಉಕ್ಕಿದ ನೀರನ್ನು ಗಟಾರಕ್ಕೆ ಬಿಡುವ ರೂಢಿ ನಮ್ಮ ಪಟ್ಟಣಗಳಲ್ಲಿ ಕಡಿಮೆಯೇನಿಲ್ಲ. ಅದನ್ನು ಹಿತ್ತಲಿನ ಹಾಸಿಗೆಗೆ ತಿರುಗಿಸುವ ಆಸೆ ಬೇಡ. ಅದರಲ್ಲಿನ ರೋಗಾಣುಗಳನ್ನು ನಿಭಾಯಿಸಲು ದೊಡ್ಡ ತೊಟ್ಟಿ, ಹೆಚ್ಚು ಜಾಗ, ಹೆಚ್ಚು ದಿನ ಬೇಕು.

ಇನ್ನು ಮಣ್ಣು. ಸವಣೂರು ಸುತ್ತ, ಶಿಗ್ಗಾವಿಯ ಪೂರ್ವಕ್ಕೆ ಎರಿ (ಕಪ್ಪು ಮಣ್ಣಿನ) ಭೂಮಿ ಹೆಚ್ಚು. ಮಸಾರಿ (ಕೆಂಪು ಮಣ್ಣಿನ) ನೆಲದಲ್ಲಿ ಚೆನ್ನಾಗಿ ಕೆಲಸ ಮಾಡುವ ಇಂಗುಗುಂಡಿ ಎರಿಯಲ್ಲಿ ಮಾಡಿದರೆ ಕೆಲವು ತಿಂಗಳಲ್ಲೇ ತುಂಬಿ ನಿಲ್ಲುತ್ತದೆ. ಒಂದಡಿ ಉದ್ದ, ಒಂದಡಿ ಅಗಲ, ಒಂದಡಿ ಆಳದ ತಗ್ಗು ತೋಡಿ ನೀರು ತುಂಬಿ ರಾತ್ರಿಯಿಡೀ ಬಿಡಿ. ಬೆಳಿಗ್ಗೆ ಮತ್ತೆ ತುಂಬಿ, ಒಂದು ಕಡ್ಡಿ ನೆಟ್ಟು ಗುರುತು ಹಾಕಿ. ಒಂದು ತಾಸಿನಲ್ಲಿ ನೀರು ಅರ್ಧ ಇಂಚೂ ಇಳಿಯದಿದ್ದರೆ ಇಂಗುಗುಂಡಿಯ ವಿಚಾರ ಬಿಡಿ. ಶುದ್ಧವಾದ ನೀರು ತೋಟಕ್ಕೋ ಗಟಾರಕ್ಕೋ ಹರಿದು ಹೋಗುವಂತೆ ಇಳಿಜಾರು ನೋಡಿಕೊಳ್ಳಿ. ಎರಿ ಮಣ್ಣು ಬೇಸಿಗೆಯಲ್ಲಿ ಬಿರುಕು ಬಿಡುವುದರಿಂದ ಹಾಸಿಗೆಯ ತಳಕ್ಕೆ ಮಣ್ಣನ್ನು ಮೆತ್ತಿ ಬಿಟ್ಟರೆ ಸಾಲದು. ಪ್ಲಾಸ್ಟಿಕ್ ಹಾಳೆ ಹಾಸಬೇಕು, ಇಲ್ಲವೇ ಇಟ್ಟಿಗೆ ಕಟ್ಟಿ ಗಿಲಾವು ಮಾಡಬೇಕು.

ಐದು ಜನರ ಮನೆಗೆ ಎಷ್ಟು ದೊಡ್ಡದು?

ಲೆಕ್ಕ ಕಷ್ಟದ್ದಲ್ಲ. ತಲೆಗೆ ದಿನಕ್ಕೆ 70 ಲೀಟರ್ ಬಚ್ಚಲು–ಅಡುಗೆಮನೆ ನೀರು ಎಂದರೆ ಐದು ಜನಕ್ಕೆ 350 ಲೀಟರ್. ಈ ನೀರು ಕಲ್ಲಿನೊಳಗೆ ಮೂರು ದಿನವಾದರೂ ಇರಬೇಕು. ಅಂದರೆ 1,050 ಲೀಟರಿಗೆ ಜಾಗ ಬೇಕು. ಕಡಿ ತುಂಬಿದ ಜಾಗದಲ್ಲಿ ನೀರಿಗೆ ಉಳಿಯುವ ಸಂದಿ ನೂರಕ್ಕೆ 35ರಷ್ಟು ಮಾತ್ರ. ಹಾಗಾಗಿ ಸುಮಾರು 3,000 ಲೀಟರ್, ಎಂದರೆ 106 ಘನ ಅಡಿಯ ಜಾಗ ಬೇಕು. ನೀರಿನ ಆಳ ಒಂದೂಮುಕ್ಕಾಲು ಅಡಿಗಿಂತ ತುಸು ಕಡಿಮೆ ಇಟ್ಟುಕೊಂಡರೆ ಹಾಸಿಗೆಯ ಅಳತೆ 13 ಅಡಿ ಉದ್ದ, 5 ಅಡಿ ಅಗಲ. ಕಡಿಯ ಎತ್ತರ 2 ಅಡಿ; ಮೇಲಿನ ನಾಲ್ಕು ಇಂಚು ಸದಾ ಒಣಗಿರಬೇಕು. ಕೂಡು ಕುಟುಂಬವಿದ್ದು ಎಂಟು ಹತ್ತು ಜನರಿದ್ದರೆ ತಲೆಗೆ 13 ಚದರ ಅಡಿಯಂತೆ ಹೆಚ್ಚಿಸಿಕೊಳ್ಳಿ.

ಜಾಗ ಆರಿಸುವಾಗ ಬಾವಿ, ಕೊಳವೆಬಾವಿಯಿಂದ ಆದಷ್ಟೂ ದೂರ ಇರಿ, ಗೋಡೆಯ ಪಾಯದಿಂದ ನಾಲ್ಕಡಿಯಾದರೂ ಬಿಡಿ. ಬಿಸಿಲು ಬೀಳುವ ಜಾಗ ಒಳ್ಳೆಯದು. ಹಾನಗಲ್ಲಿನಂಥ ಅರೆಮಲೆನಾಡಿನಲ್ಲಿ ಸೂರಿನ ನೀರು ಹಾಸಿಗೆಗೆ ಬೀಳದಂತೆ ನೋಡಿಕೊಳ್ಳುವುದು ಎಲ್ಲಕ್ಕಿಂತ ಮುಖ್ಯ. ಒಂದು ದೊಡ್ಡ ಮಳೆಗೆ ಸೂರಿನಿಂದ ಇಳಿಯುವ ನೀರು ನಾಲ್ಕೈದು ದಿನದ ಬಚ್ಚಲ ನೀರಿಗೆ ಸಮನಾಗಬಹುದು.

ಮೊದಲ ತೊಟ್ಟಿ: ಜಿಡ್ಡು

ಅಡುಗೆಮನೆಯ ಪೈಪು ಹೊರಬೀಳುವ ಜಾಗದಲ್ಲಿ 50 ಲೀಟರಿನ ಮುಚ್ಚಳವಿರುವ ಪ್ಲಾಸ್ಟಿಕ್ ಡ್ರಮ್ ಒಂದನ್ನು ಹೂಳಿ. ನೀರು ಒಳಬರುವ ಪೈಪು ಮೇಲೆ. ಹೊರಹೋಗುವ ಪೈಪಿಗೆ ಒಂದು ಟೀ ಜೋಡಿಸಿ, ಅದರ ಕೆಳಗಿನ ಬಾಯಿ ನೀರಿನ ಅರ್ಧ ಆಳಕ್ಕೆ ಇಳಿದಿರಲಿ. ಎಣ್ಣೆ, ಜಿಡ್ಡು ಮೇಲೆ ತೇಲಿ ನಿಲ್ಲುತ್ತವೆ, ಅಗುಳು ಕೆಳಗೆ ಕೂರುತ್ತದೆ, ನಡುವಿನ ನೀರು ಮಾತ್ರ ಮುಂದೆ ಹೋಗುತ್ತದೆ. ವಾರಕ್ಕೊಮ್ಮೆ ಜರಡಿಯಿಂದ ಜಿಡ್ಡನ್ನು ತೆಗೆದು ಮಣ್ಣಲ್ಲಿ ಮುಚ್ಚಿ. ನಾನು ಸೋಮವಾರ ಮಾಡುತ್ತೇನೆ. ವಾರ ಒಂದು ಗೊತ್ತು ಮಾಡಿಕೊಳ್ಳದಿದ್ದರೆ ಈ ಕೆಲಸ ಮರೆತೇ ಹೋಗುತ್ತದೆ. ಸಿಂಕಿನ ತೂತಿಗೆ ಜಾಲರಿ ಹಾಕಿದರೆ, ಕರಿದ ಎಣ್ಣೆಯನ್ನು ಸಿಂಕಿಗೆ ಸುರಿಯುವುದು ಬಿಟ್ಟರೆ ಅರ್ಧ ಕೆಲಸ ಅಲ್ಲೇ ಕಡಿಮೆ.

ಎರಡನೆಯ ತೊಟ್ಟಿ: ಗಸಿ

ಬಚ್ಚಲ ನೀರೂ ಜಿಡ್ಡು ಕಳೆದ ಅಡುಗೆಮನೆ ನೀರೂ ಇಲ್ಲಿ ಕೂಡುತ್ತವೆ. ಮೂರಡಿ ವ್ಯಾಸದ, ಒಂದಡಿ ಎತ್ತರದ ಮೂರು ಸಿಮೆಂಟ್ ರಿಂಗು ಸಾಕು. ಒಂದೊಂದು ರಿಂಗಿನಲ್ಲಿ ಸುಮಾರು 200 ಲೀಟರ್ ಹಿಡಿಯುತ್ತದೆ; ಎರಡೂವರೆ ರಿಂಗಿನ ಮಟ್ಟಕ್ಕೆ ಹೊರಪೈಪು ಇಟ್ಟರೆ 500 ಲೀಟರ್, ಎಂದರೆ ಒಂದು ದಿನದ ನೀರಿಗಿಂತ ಹೆಚ್ಚು. ತಳಕ್ಕೆ ಕಾಂಕ್ರೀಟು ಹಾಕಿ, ಕೂಡುಗಳಿಗೆ ಸಿಮೆಂಟ್ ಮೆತ್ತಿ. ಇಲ್ಲೂ ಹೊರಪೈಪಿಗೆ ಟೀ ಬೇಕು. ಮೇಲೆ ಭದ್ರವಾದ ಮುಚ್ಚಳ ಬೇಕು. ಮಕ್ಕಳಿರುವ ಮನೆಯಲ್ಲಿ ಈ ಮಾತನ್ನು ಎರಡು ಸಲ ಹೇಳಬೇಕು.

ತಿಂಗಳಿಗೊಮ್ಮೆ ಉದ್ದ ಕೋಲಿಗೆ ಬಿಳಿ ಬಟ್ಟೆ ಸುತ್ತಿ ತಳ ಮುಟ್ಟಿಸಿ ತೆಗೆದರೆ ಗಸಿ ಎಷ್ಟೆತ್ತರ ಕೂತಿದೆ ಎಂದು ಕಪ್ಪು ಗುರುತೇ ಹೇಳುತ್ತದೆ. ಮೂರನೇ ಒಂದು ಭಾಗ ತುಂಬಿತೆಂದರೆ ಬಳಿಯುವ ಹೊತ್ತು ಬಂತು. ಬಳಿಯುವಾಗ ಹೊರಗೆ ನಿಂತೇ, ಉದ್ದ ಹಿಡಿಯ ಬಕೆಟ್ಟಿನಿಂದ ಬಳಿಯಬೇಕು. ಒಳಗೆ ಇಳಿಯಲೇಬಾರದು. ಮುಚ್ಚಿದ ತೊಟ್ಟಿಯಲ್ಲಿ ಕಟ್ಟುವ ಅನಿಲ ಕ್ಷಣದಲ್ಲಿ ಪ್ರಾಣ ತೆಗೆಯುತ್ತದೆ. ಸುರಕ್ಷತಾ ಸಾಧನಗಳಿಲ್ಲದೆ ಮಲಗುಂಡಿಗೂ ಒಳಚರಂಡಿಗೂ ಮನುಷ್ಯರನ್ನು ಇಳಿಸುವುದು 2013ರ ಕಾಯ್ದೆಯಂತೆ ಅಪರಾಧ. ಕಾಯ್ದೆ ಹೇಳದಿದ್ದರೂ, ನಮ್ಮ ಬಚ್ಚಲ ಗಸಿಗಾಗಿ ಇನ್ನೊಬ್ಬರ ಮನೆಯ ಮಗ ಸಾಯುವುದು ಸಹಿಸಲಾಗದ ಮಾತು.

ಹಾಸಿಗೆ ಕಟ್ಟುವುದು

ತಗ್ಗು ಎರಡೂಮುಕ್ಕಾಲು ಅಡಿ ಆಳ ತೋಡಿ. ನೀರು ಒಳಬರುವ ತುದಿಯಿಂದ ಹೊರಹೋಗುವ ತುದಿಗೆ ತಳ ಒಂದೂವರೆ ಇಂಚು ಇಳಿಜಾರಿರಲಿ. ನೀರು ತುಂಬಿದ ಪಾರದರ್ಶಕ ಕೊಳವೆಯಿಂದ ಗೌಂಡಿಗಳು ಮಟ್ಟ ನೋಡುವ ಹಾಗೆ ನೋಡಿದರೆ ಸಾಕು. ತಳಕ್ಕೆ ಎರಡಿಂಚು ಉಸುಕು ಹರಡಿ, ಅದರ ಮೇಲೆ ಹಾಳೆ. ಕೃಷಿ ಹೊಂಡಕ್ಕೆ ಹಾಸುವ 500 ಮೈಕ್ರಾನ್ ಹಾಳೆ ಇದಕ್ಕೆ ಹೇಳಿಮಾಡಿಸಿದ್ದು. 2014ರಿಂದ ಕೃಷಿ ಭಾಗ್ಯ ಯೋಜನೆಯ ಹೊಂಡಗಳಾದ ಮೇಲೆ ಇದನ್ನು ಹಾಸಿ ಬೆಸುಗೆ ಹಾಕುವವರು ನಮ್ಮ ಹಳ್ಳಿಗಳಲ್ಲೇ ಸಿಗುತ್ತಾರೆ. ಹಾಳೆಯ ಅಂಚು ಸುತ್ತಲೂ ಅರ್ಧ ಅಡಿ ಮೇಲಕ್ಕೆ ಬಂದು ಒಡ್ಡಿನ ಕೆಳಗೆ ಸಿಕ್ಕಿಕೊಳ್ಳಲಿ. ಸುತ್ತ ಆರರಿಂದ ಒಂಬತ್ತು ಇಂಚಿನ ಒಡ್ಡು ಹಾಕಿದರೆ ಅಂಗಳದ ಮಳೆನೀರು ಒಳಗೆ ನುಗ್ಗುವುದಿಲ್ಲ.

ಎರಡೂ ತುದಿಯಲ್ಲಿ ಒಂದೂವರೆ ಅಡಿ ಅಗಲಕ್ಕೆ ಮುಷ್ಟಿಗಾತ್ರದ ಕಲ್ಲು ತುಂಬಿ. ಇದು ಎರಡೂ ಕಡೆ ಸೇರಿ 30 ಘನ ಅಡಿ. ನಡುವಿನ ಹತ್ತು ಅಡಿಗೆ ಅರ್ಧದಿಂದ ಮುಕ್ಕಾಲು ಇಂಚಿನ ಕಡಿ: ಸರಿಯಾಗಿ 100 ಘನ ಅಡಿ, ಎಂದರೆ ಒಂದು ಬ್ರಾಸ್. ಹಾಕುವ ಮೊದಲು ಕಡಿಯನ್ನು ತೊಳೆಯಬೇಕು. ಕ್ರಷರಿನ ಹುಡಿ ಹಾಗೇ ಹೋದರೆ ಅದೇ ಮೊದಲು ಸಂದಿ ಮುಚ್ಚುವುದು. ಕಡಿ ಇಳಿಸುವ ದಿನ ಈ ತೊಳೆಯುವ ಕೆಲಸಕ್ಕೆ ಬೇಸರಪಟ್ಟವರೇ ಹೆಚ್ಚು. ಕಡಿ ದುಬಾರಿಯಾದರೆ ಗಟ್ಟಿಯಾಗಿ ಬೆಂದ ಇಟ್ಟಿಗೆ ಚೂರನ್ನು ಜರಡಿ ಹಿಡಿದು ಬಳಸಬಹುದು. ಕೈಯಲ್ಲಿ ಉಜ್ಜಿದರೆ ಪುಡಿಯಾಗುವ ಇಟ್ಟಿಗೆ ಬೇಡ.

ಒಳಬರುವ ತುದಿಯಲ್ಲಿ ಎರಡೂವರೆ ಇಂಚಿನ ಪೈಪನ್ನು ಅಡ್ಡ ಮಲಗಿಸಿ, ಕೆಳಮುಖವಾಗಿ ಅರ್ಧ ಇಂಚಿನ ತೂತು ಕೊರೆಯಿರಿ. ನೀರು ಐದಡಿ ಅಗಲಕ್ಕೂ ಸಮನಾಗಿ ಹಂಚಿಹೋಗಲಿ. ಹೊರಹೋಗುವ ತುದಿಯಲ್ಲಿ ಇಂಥದೇ ತೂತಿನ ಪೈಪು, ಆದರೆ ತಳದಲ್ಲಿ. ಅದು ಹಾಸಿಗೆಯಿಂದ ಹೊರಬಂದ ಮೇಲೆ ಚಿಕ್ಕ ತೊಟ್ಟಿಯೊಳಗೆ ಒಂದು ಎಲ್ಬೋ, ಅದಕ್ಕೊಂದು ನಿಂತ ಪೈಪು. ಈ ಪೈಪಿನ ಬಾಯಿಯ ಎತ್ತರವೇ ಹಾಸಿಗೆಯ ಒಳಗಿನ ನೀರಿನ ಮಟ್ಟ. ಎಲ್ಬೋ ಅಂಟಿಸಬೇಡಿ, ತಿರುಗುವಂತಿರಲಿ. ಪೈಪನ್ನು ಬಾಗಿಸಿದರೆ ಮಟ್ಟ ಇಳಿಯುತ್ತದೆ, ನಿಲ್ಲಿಸಿದರೆ ಏರುತ್ತದೆ. ಕಡಿಯ ಮೇಲ್ಮೈಗಿಂತ ನಾಲ್ಕು ಇಂಚು ಕೆಳಗೆ ಬಾಯಿ ಇಟ್ಟರೆ ನೀರು ಕಣ್ಣಿಗೆ ಕಾಣುವುದಿಲ್ಲ. ಕಾಣದ ನೀರಿನಲ್ಲಿ ಸೊಳ್ಳೆ ಮೊಟ್ಟೆ ಇಡುವುದಿಲ್ಲ.

ಗಿಡ ಮತ್ತು ಮಿರಗ

ಮನೆ ಹಾಸಿಗೆಗೆ ಕಾಬಾಳೆ ಒಳ್ಳೆಯದು. ಎಲ್ಲೆಡೆ ಸಿಗುತ್ತದೆ, ಬೇಗ ಹಬ್ಬುತ್ತದೆ, ಹೆಂಗಸರು ಮಕ್ಕಳು ಹೂವಿಗಾಗಿಯಾದರೂ ಹಾಸಿಗೆಯತ್ತ ಕಣ್ಣಿಡುತ್ತಾರೆ. ಜೊತೆಗೆ ಬಜೆ, ಲಾವಂಚ ಸೇರಿಸಬಹುದು. ಓಣಿಯ ದೊಡ್ಡ ಹಾಸಿಗೆಗೆ ಕೆರೆ ದಂಡೆಯ ಆಪು ಹುಲ್ಲು ಸೂಕ್ತ. ಅಂತರಗಂಗೆಯನ್ನು ಮಾತ್ರ ತರಬೇಡಿ. ಕೆರೆಗೆ ಹೋದರೆ ಅದು ಕೆರೆಯನ್ನೇ ಮುಚ್ಚುತ್ತದೆ. ಒಂದೂವರೆ ಅಡಿಗೊಂದರಂತೆ ನೆಟ್ಟರೆ ಮೂವತ್ತರ ಹತ್ತಿರ ಗೆಡ್ಡೆ ಬೇಕಾಗುತ್ತವೆ. ಬೇರು ನೀರು ಮುಟ್ಟುವಷ್ಟು ಆಳಕ್ಕೆ ಕಡಿ ಸರಿಸಿ ನೆಡಿ, ಮಣ್ಣು ಹಾಕಬೇಡಿ.

ತೋಡುವ ಕಟ್ಟುವ ಕೆಲಸ ಯುಗಾದಿಯೊಳಗೆ ಮುಗಿಸಿ, ನೆಡುವುದನ್ನು ಮಿರಗ (ಮೃಗಶಿರ) ಮಳೆಗೆ ಇಟ್ಟುಕೊಂಡರೆ ಗಿಡ ಸಾಯುವುದಿಲ್ಲ. ಮೊದಲ ಎರಡು ವಾರ ತಿಳಿನೀರು, ಆಮೇಲೆ ಅರ್ಧ ಬಚ್ಚಲ ನೀರು, ಒಂದು ತಿಂಗಳ ನಂತರ ಪೂರ್ತಿ. ಕಲ್ಲಿನ ಮೇಲೆ ಲೋಳೆ ಕಟ್ಟಲು ಎರಡು ಮೂರು ತಿಂಗಳು ಬೇಕು, ಅಲ್ಲಿವರೆಗೆ ಹೊರಬರುವ ನೀರು ತುಸು ಮಬ್ಬಾಗಿ, ತುಸು ವಾಸನೆಯಿಂದ ಬಂದರೆ ಗಾಬರಿಯಾಗಬೇಡಿ. ಫಿನೈಲ್, ಆ್ಯಸಿಡ್, ಬ್ಲೀಚಿಂಗ್ ಪೌಡರ್ ಸುರಿದರೆ ಆ ಲೋಳೆಯೇ ಸಾಯುತ್ತದೆ. ಬಚ್ಚಲನ್ನು ಆ್ಯಸಿಡ್ಡಿನಿಂದ ತೊಳೆಯುವ ದಿನ ಆ ನೀರನ್ನು ಬೇರೆ ಕಡೆ ತಿರುಗಿಸುವ ಒಂದು ಪೈಪು ಮೊದಲೇ ಇಟ್ಟುಕೊಳ್ಳಿ. ವರ್ಷಕ್ಕೆರಡು ಸಲ ಗಿಡ ಕತ್ತರಿಸಿ ಹೊರಗೆ ಗೊಬ್ಬರಕ್ಕೆ ಹಾಕಬೇಕು. ಹಾಗೇ ಒಣಗಿ ಬಿದ್ದರೆ ಹೀರಿದ್ದೆಲ್ಲ ಮತ್ತೆ ನೀರಿಗೇ ಸೇರುತ್ತದೆ.

ಓಣಿಗೆ ಏಳು ಗುಂಟೆ

ನೂರು ಮನೆ, ಐದುನೂರು ಜನ, ತಲೆಗೆ 80 ಲೀಟರ್ ಎಂದರೆ ದಿನಕ್ಕೆ 40 ಸಾವಿರ ಲೀಟರ್. ಇಲ್ಲಿ ಸೆಪ್ಟಿಕ್ ಟ್ಯಾಂಕಿನ ನೀರೂ ಬಂದು ಸೇರುವುದರಿಂದ ರಿಂಗಿನ ಗಸಿತೊಟ್ಟಿ ಸಾಲದು. ಮುಂದೆ ಒಂದು ಗಸಿ ಕೋಣೆ, ಆಮೇಲೆ ಒಂದು ದಿನದ ನೀರು ಹಿಡಿಯುವ ಅಡ್ಡಗೋಡೆಗಳ ತೊಟ್ಟಿ ಬೇಕು. ಅದರೊಳಗೆ ಐದಾರು ಕೋಣೆ; ನೀರು ಪ್ರತಿ ಕೋಣೆಯ ತಳದಿಂದ ಹೊಕ್ಕು, ಕೆಳಗೆ ಕೂತ ಗಸಿಯನ್ನು ಹಾಯ್ದು ಮೇಲೇರಿ, ಮುಂದಿನ ಕೋಣೆಗೆ ಇಳಿಯುತ್ತದೆ. ಗಾಳಿ ಬೇಡದ ಸೂಕ್ಷ್ಮಜೀವಿಗಳು ಇಲ್ಲಿ ಕೊಳೆಯ ದೊಡ್ಡ ಪಾಲನ್ನು ಮುಗಿಸುತ್ತವೆ. ಮೇಲೆ ಅನಿಲ ಹೋಗಲು ಎತ್ತರದ ಕೊಳವೆ ಇರಬೇಕು. ಈ ತೊಟ್ಟಿಯ ನಕ್ಷೆಯನ್ನು ಗೌಂಡಿಯ ಅಂದಾಜಿಗೆ ಬಿಡದೆ ಎಂಜಿನಿಯರಿಂದ ಮಾಡಿಸಿ.

ನಂತರದ ಕಲ್ಲಿನ ಹಾಸಿಗೆಗೆ ಅದೇ ಮೂರು ದಿನದ ಲೆಕ್ಕ ಹಿಡಿದರೆ ಸುಮಾರು 690 ಚದರ ಮೀಟರ್ ಬರುತ್ತದೆ: ನಮ್ಮ ಲೆಕ್ಕದಲ್ಲಿ ಏಳು ಗುಂಟೆ. ಕೊನೆಗೆ ಮೂರಡಿ ಆಳದ ತೆರೆದ ಹೊಂಡವೊಂದಿದ್ದರೆ ಬಿಸಿಲು ರೋಗಾಣುಗಳನ್ನು ಇನ್ನಷ್ಟು ಕಡಿಮೆ ಮಾಡುತ್ತದೆ. ಸೊಳ್ಳೆಮರಿ ತಿನ್ನುವ ಗಪ್ಪಿ ಮೀನು ಬಿಡಬೇಕು. ಏಳು ಗುಂಟೆ ಎಲ್ಲಿಂದ ತರುವುದು ಎಂಬ ಪ್ರಶ್ನೆ ನ್ಯಾಯವಾದದ್ದೇ. ಈ ವಿಧಾನ ಕರೆಂಟಿನ ಬದಲು ಜಾಗ ಕೇಳುತ್ತದೆ. ಹೊಸ ಬಡಾವಣೆಯ ನಕ್ಷೆಯಲ್ಲಿ ಉದ್ಯಾನಕ್ಕೆಂದು ಬಿಟ್ಟ ಜಾಗದ ತಗ್ಗಿನ ಮೂಲೆಯನ್ನು ಇದಕ್ಕೆ ಕೇಳಿ. ಮೇಲೆ ಹೂಗಿಡ ಕಾಣುವ ಹಾಸಿಗೆ ಉದ್ಯಾನದೊಳಗೆ ಚೆನ್ನಾಗಿಯೇ ಹೊಂದುತ್ತದೆ.

ಸೆಪ್ಟಿಕ್ ಟ್ಯಾಂಕಿನಿಂದ ಗಾಡಿ ಹೀರಿದ ಮಲದ ಗಸಿ ಎಲ್ಲಿಗೆ ಹೋಗಬೇಕು? ದೇವನಹಳ್ಳಿ ಇದಕ್ಕೆ ದಾರಿ ತೋರಿಸಿದ ಪಟ್ಟಣ. 2015ರಲ್ಲಿ ಬೆಂಗಳೂರಿನ ಸಿಡಿಡಿ ಸೊಸೈಟಿಯ ನೆರವಿನಿಂದ ದಿನಕ್ಕೆ 6 ಸಾವಿರ ಲೀಟರ್ ಸಾಮರ್ಥ್ಯದ ಮಲಗಸಿ ಶುದ್ಧೀಕರಣ ಘಟಕ ಅಲ್ಲಿ ಶುರುವಾಯಿತು. ಗಸಿಯನ್ನು ಹಾಸಿಗೆಗಳಲ್ಲಿ ಒಣಗಿಸಿ ಗೊಬ್ಬರ ಮಾಡುತ್ತಾರೆ, ಬಸಿದ ನೀರನ್ನು ಗಿಡ ನೆಟ್ಟ ಕಲ್ಲಿನ ಹಾಸಿಗೆಯ ಮೂಲಕ ಹಾಯಿಸುತ್ತಾರೆ. ಅದು ನಮ್ಮ ಪಟ್ಟಣಗಳಿಗೆ ಹೊಂದುವ ಅಳತೆ. ಒಮ್ಮೆ ಹೋಗಿ ನೋಡಿಬರಬೇಕು.

ಗಟಾರದ ಬಾಯಲ್ಲಿ

ವಾರ್ಡಿನವರು ಪುರಸಭೆಗೆ ಮನವಿ ಕೊಡುವ ಮೊದಲು ಗಟಾರದ ಗುಂಟ ನಡೆಯಿರಿ, ಅಳೆಯಿರಿ. ಅಂಕಿ ಇಲ್ಲದ ಮನವಿ ಕಡತದಲ್ಲೇ ಉಳಿಯುತ್ತದೆ. ಮಳೆಯಿಲ್ಲದ ದಿನ, ಗಟಾರದ ನೇರವಾದ ಹತ್ತಡಿ ಭಾಗ ಆರಿಸಿ. ನೀರಿನ ಅಗಲ, ಆಳ ಬರೆದುಕೊಳ್ಳಿ. ಒಂದು ಎಲೆ ಬಿಟ್ಟು ಹತ್ತಡಿ ಸಾಗಲು ಎಷ್ಟು ಸೆಕೆಂಡ್ ಹಿಡಿಯಿತು ನೋಡಿ. ಅಗಲ ಒಂದಡಿ, ಆಳ ಮೂರಿಂಚು, ಹತ್ತಡಿಗೆ 20 ಸೆಕೆಂಡ್ ಎಂದಿಟ್ಟುಕೊಳ್ಳಿ. ತಳ ಮತ್ತು ಬದಿಗಳಲ್ಲಿ ನೀರು ನಿಧಾನವಾಗಿರುವುದರಿಂದ ಅಗಲ, ಆಳ, ವೇಗಗಳ ಗುಣಲಬ್ಧದಲ್ಲಿ ನೂರಕ್ಕೆ 80ರಷ್ಟು ಹಿಡಿದರೆ ಸೆಕೆಂಡಿಗೆ 0.1 ಘನ ಅಡಿ, ಎಂದರೆ 2.8 ಲೀಟರ್. ಇದೇ ವೇಗದಲ್ಲಿ ದಿನವಿಡೀ ಹರಿದರೆ ಸುಮಾರು 2.4 ಲಕ್ಷ ಲೀಟರ್. ಬೆಳಿಗ್ಗೆ ಏಳಕ್ಕೆ, ಮಧ್ಯಾಹ್ನ ಎರಡಕ್ಕೆ, ರಾತ್ರಿ ಒಂಬತ್ತಕ್ಕೆ, ಹೀಗೆ ಮೂರು ದಿನ ಅಳೆದು ಸರಾಸರಿ ತೆಗೆಯಿರಿ. ಸರಾಸರಿಯೇ 2.4 ಲಕ್ಷವಾದರೆ ಕಲ್ಲಿನ ಹಾಸಿಗೆಗೆ ಎಕರೆಯಷ್ಟು ಜಾಗ ಬೇಕು.

ಮೊದಲಿಗೆ ಒಂದಿಂಚು ಸಂದಿಯ ಸರಳಿನ ಜಾಲರಿ, ಓರೆಯಾಗಿ. ಪ್ಲಾಸ್ಟಿಕ್ಕು ಇಲ್ಲಿ ನಿಲ್ಲುತ್ತದೆ, ಇದನ್ನು ದಿನಾಲು ಬಾಚಬೇಕು. ಆಮೇಲೆ ಉಸುಕು ಕೂರುವ ತಗ್ಗು. ಅದಾದ ಮೇಲೆ ಗಟಾರಕ್ಕೆ ಒಂದು ಚಿಕ್ಕ ಅಡ್ಡಕಟ್ಟೆ. ಮಳೆಯಿಲ್ಲದ ದಿನದ ನೀರು ಕಟ್ಟೆಗೆ ತಡೆದು ಪಕ್ಕದ ತೊಟ್ಟಿಗೂ ಹಾಸಿಗೆಗೂ ತಿರುಗುತ್ತದೆ. ದೊಡ್ಡ ಮಳೆ ಬಂದಾಗ ನೀರು ಕಟ್ಟೆಯ ಮೇಲಿಂದ ಉಕ್ಕಿ ನೇರ ಹಳ್ಳಕ್ಕೆ ಹೋಗುತ್ತದೆ. ಗಟಾರದ ಒಳಗೇ ಕಲ್ಲುಬುಟ್ಟಿ ಜೋಡಿಸಿ ಗಿಡ ನೆಟ್ಟರೆ ಅಗ್ಗವೇನೋ ಹೌದು, ಆದರೆ ಹಾನಗಲ್ಲಿನ ಆಷಾಢದ ಒಂದು ರಾತ್ರಿಯ ಮಳೆ ಅದನ್ನು ಕಿತ್ತುಕೊಂಡು ಹೋಗುತ್ತದೆ. ಹೆದ್ದಾರಿಯ ಮಗ್ಗುಲಿನ ಶಿಗ್ಗಾವಿ, ಬಂಕಾಪುರದಂಥ ಕಡೆ ಗ್ಯಾರೇಜಿನ ಆಯಿಲ್, ವಾಹನ ತೊಳೆದ ನೀರು ಗಟಾರಕ್ಕೆ ಬೀಳುವುದನ್ನು ಮೂಲದಲ್ಲೇ ತಡೆಯಬೇಕು. ಆಯಿಲನ್ನು ಯಾವ ಕಲ್ಲೂ ಯಾವ ಗಿಡವೂ ತಿನ್ನುವುದಿಲ್ಲ.

ಹಾಸಿಗೆಯನ್ನು ಕೆರೆಯ ಅಂಗಳದೊಳಗೆ ಕಟ್ಟಬಾರದು. ತುಂಬಿದ ಕೆರೆಯ ನೀರು ಮುಟ್ಟುವ ಗಡಿಯಿಂದ ಮೇಲೆ, ಗಟಾರ ಬರುವ ದಾರಿಯಲ್ಲಿ ಜಾಗ ನೋಡಬೇಕು. ಬೆಂಗಳೂರಿನ ಜಕ್ಕೂರು ಕೆರೆಯಲ್ಲಿ ಕೊಳಚೆ ಶುದ್ಧೀಕರಣ ಘಟಕದಿಂದ ಬರುವ ನೀರು ಮೊದಲು ಆಪು ಬೆಳೆದ ಜೌಗಿನಲ್ಲಿ ಹಾಯ್ದು ಆಮೇಲೆ ಕೆರೆಗೆ ಇಳಿಯುತ್ತದೆ. ಯಂತ್ರ ಮಾಡಿದ್ದನ್ನು ಜೌಗು ಮುಂದುವರಿಸುವ ಈ ಜೋಡಿ ದೊಡ್ಡ ಊರಿಗೂ ಸಲ್ಲುತ್ತದೆ.

ಪುರಸಭೆ ಮಟ್ಟದ ಕೆಲಸಕ್ಕೆ ಪ್ರಯೋಗಾಲಯದ ಪರೀಕ್ಷೆ ಬೇಕೇ ಬೇಕು. ನೀರಿನ ಕೊಳೆಯನ್ನು ಅಳೆಯುವ ಬಿಒಡಿ ಎಂಬ ಅಂಕಿ, ಕೇಂದ್ರ ಪರಿಸರ ಸಚಿವಾಲಯದ 2017ರ ಅಧಿಸೂಚನೆಯಂತೆ ಮಹಾನಗರಗಳಲ್ಲದ ಊರುಗಳಲ್ಲಿ ಲೀಟರಿಗೆ 30 ಮಿಲಿಗ್ರಾಂ ಮೀರಬಾರದು. ರಾಷ್ಟ್ರೀಯ ಹಸಿರು ನ್ಯಾಯಮಂಡಳಿ 2019ರ ಏಪ್ರಿಲ್ 30ರ ಆದೇಶದಲ್ಲಿ 10ಕ್ಕೆ ಇಳಿಸಬೇಕೆಂದಿತು. ಚೆನ್ನಾಗಿ ನೋಡಿಕೊಂಡ ಕಲ್ಲಿನ ಹಾಸಿಗೆ 30ರ ಒಳಗೆ ತರಬಲ್ಲದು. 10ಕ್ಕೆ ಇಳಿಸಬೇಕಾದರೆ ಕೊನೆಯ ಹೊಂಡವೂ ಇನ್ನಷ್ಟು ಜಾಗವೂ ಬೇಕಾಗುತ್ತವೆ.

ಈ ನೀರು ಯಾವುದಕ್ಕೆ?

ಕುಡಿಯಲು ಅಲ್ಲ, ಪಾತ್ರೆ ತೊಳೆಯಲೂ ಅಲ್ಲ. ಹುಬ್ಬಳ್ಳಿ–ಧಾರವಾಡದ ಕೆಳಗಿನ ಹಳ್ಳಿಗಳ ರೈತರು ದಶಕಗಳಿಂದ ಗಟಾರದ ನೀರನ್ನೇ ಪಂಪಿನಿಂದ ಎತ್ತಿ ತರಕಾರಿ, ತೋಟ, ಹೊಲದ ಬೆಳೆ ತೆಗೆಯುತ್ತಿದ್ದಾರೆ. ಬೇಸಿಗೆಯಲ್ಲೂ ಸಿಗುವ, ಗೊಬ್ಬರದ ಸತ್ವವಿರುವ ನೀರೆಂಬುದು ಅವರಿಗೆ ಚೆನ್ನಾಗಿ ಗೊತ್ತು. ಬರಿಗಾಲಲ್ಲಿ ಆ ನೀರಿನಲ್ಲಿ ನಿಲ್ಲುವವರ ಚರ್ಮಕ್ಕೂ ಹೊಟ್ಟೆಗೂ ಅದು ತರುವ ಅಪಾಯ ದೊಡ್ಡದು. ಕಲ್ಲಿನ ಹಾಸಿಗೆ ದಾಟಿದ ನೀರು ಅದಕ್ಕಿಂತ ಎಷ್ಟೋ ಮೇಲು, ಆದರೂ ರೋಗಾಣು ಪೂರ್ತಿ ಹೋಗಿರುವುದಿಲ್ಲ. ಬಾಳೆ, ತೆಂಗು, ಮಾವು, ಮೇವಿನ ಹುಲ್ಲು, ಹೂಗಿಡಗಳ ಬುಡಕ್ಕೆ ಬಿಡಿ. ಸೊಪ್ಪು, ಗಜ್ಜರಿ, ಸೌತೆಕಾಯಿಗಳಂತೆ ಹಸಿಯಾಗಿ ತಿನ್ನುವ ಯಾವುದಕ್ಕೂ ಬೇಡ. ಸವಣೂರಿನವರಿಗೆ ಇದನ್ನು ಒತ್ತಿ ಹೇಳಬೇಕು: ಎಲೆಬಳ್ಳಿಯ ತೋಟಕ್ಕೆ ಈ ನೀರು ಹತ್ತಿರ ಸುಳಿಯಬಾರದು. ವೀಳ್ಯದೆಲೆಯನ್ನು ನಾವು ಬೇಯಿಸದೆ ಬಾಯಿಗಿಡುತ್ತೇವೆ. ಚಿಮುಕಿಸುವ ಸ್ಪ್ರಿಂಕ್ಲರ್ ಬೇಡ, ಬುಡಕ್ಕೆ ಕಾಲುವೆಯಿಂದಲೇ ಹೋಗಲಿ. ಕೈಗವಸು, ಬೂಟು ಹಾಕಿಕೊಂಡು ಕೆಲಸ ಮಾಡಿ, ಸಾಬೂನಿನಿಂದ ಕೈಕಾಲು ತೊಳೆಯಿರಿ.

ಮಿರಗಕ್ಕೆ ನೆಟ್ಟ ಕಾಬಾಳೆ ದೀಪಾವಳಿ ಹೊತ್ತಿಗೆ ಎದೆಯೆತ್ತರ ಬಂದಿರುತ್ತದೆ. ಆಗ ಎರಡು ಗಾಜಿನ ಬಾಟಲಿ ತೆಗೆದುಕೊಳ್ಳಿ. ಒಂದಕ್ಕೆ ಗಸಿತೊಟ್ಟಿಯಿಂದ ಹೊರಬರುವ ನೀರು, ಇನ್ನೊಂದಕ್ಕೆ ಹಾಸಿಗೆಯ ಕೊನೆಯ ಪೈಪಿನ ನೀರು ತುಂಬಿ, ಮುಚ್ಚಳ ಬಿಗಿದು, ಹಿಂದೆ ಮುದ್ರಿತ ಹಾಳೆಯೊಂದನ್ನು ಹಿಡಿದು ಅಕ್ಷರ ಯಾವುದರಲ್ಲಿ ಕಾಣುತ್ತದೆ ನೋಡಿ. ಮೂರು ದಿನ ಕಿಟಕಿಯಲ್ಲಿಟ್ಟು ಮುಚ್ಚಳ ತೆರೆದು ಮೂಸಿ. ಎರಡನೆಯ ಬಾಟಲಿ ನಾರಿದರೆ ಮೊದಲ ತೊಟ್ಟಿಯ ಜಿಡ್ಡು ತೆಗೆಯದೆ ಎಷ್ಟು ವಾರವಾಯಿತೆಂದು ಎಣಿಸಿ. ನಾರದಿದ್ದರೆ ಅದೇ ಬಾಟಲಿಗಳನ್ನು ಹಿಡಿದುಕೊಂಡು ಪಕ್ಕದ ಮನೆಯ ಬಾಗಿಲು ಬಡಿಯಿರಿ.